ಹಾಲು ಕುಡಿಸಿ, ಬಟ್ಟೆ ಸುತ್ತಿ, ನಿದ್ದೆ ಕಾಯ್ದು: ಹಸುಗೂಸಿನ ಮಿದುಳಿನ ಸ್ಕ್ಯಾನಿಗೆ ಹೊರಡುವವರಿಗೆ

ನನ್ನ ಮಗಳಿಗೆ ಆಗ 7 ವಾರ. ಹುಟ್ಟಿದ ಮೊದಲ ಮೂರು ತಿಂಗಳು ಮಗುವಿನ ತಲೆಯ ಸುತ್ತಳತೆ ತಿಂಗಳಿಗೆ ಹೆಚ್ಚುಕಡಿಮೆ 2 ಸೆಂಟಿಮೀಟರ್ ಬೆಳೆಯುತ್ತದೆ. ಅವಳದ್ದು ಆ ಲೆಕ್ಕ ದಾಟಿತ್ತು. ಡಾಕ್ಟರು ಎರಡು ಸಲ ಟೇಪು ಹಿಡಿದು ಅಳೆದರು, ನೆತ್ತಿಯ ಮೇಲೆ ಅಲ್ಟ್ರಾಸೌಂಡ್ ಮಾಡಿಸಿದರು, ಕೊನೆಗೆ ಎಂಆರ್‌ಐ ಬೇಕು ಎಂದರು. ಮೊದಲ ಸಲ ಹೋದಾಗ ಸ್ಕ್ಯಾನ್ ಆಗಲೇ ಇಲ್ಲ. ಕಾಸರಗೋಡು ಜಿಲ್ಲೆಯ ನೀರ್ಚಾಲಿನಿಂದ ಹೊರಟ ಕಾರು ಕುಂಬಳೆ ದಾಟುವುದರೊಳಗೆ ಮಗು ನಿದ್ದೆಹೋಯಿತು, ತಲಪಾಡಿ ಕಳೆದು ಮಂಗಳೂರು ಮುಟ್ಟುವವರೆಗೂ ಗಡದ್ದಾಗಿ ಮಲಗಿತ್ತು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಕಣ್ಣು ಬಿಟ್ಟಿತು. ಆಮೇಲೆ ಎರಡು ಗಂಟೆ ನಾವು ಎಷ್ಟು ತೂಗಿದರೂ ಮಲಗಲಿಲ್ಲ. ಟೆಕ್ನಿಷಿಯನ್ ಬೇಸರ ಮಾಡಿಕೊಳ್ಳದೆ ಹೇಳಿದರು: ‘ಇವಳು ಇವತ್ತಿನ ನಿದ್ದೆಯನ್ನು ದಾರಿಯಲ್ಲೇ ಮುಗಿಸಿ ಬಂದಿದ್ದಾಳೆ ಅಮ್ಮ.’

ಈ ಲೇಖನ ಬರೆಯಲು ಆ ಒಂದು ಮಾತೇ ಕಾರಣ. ಅರಿವಳಿಕೆ ಇಲ್ಲದೆ ಹಸುಗೂಸಿನ ಎಂಆರ್‌ಐ ಮಾಡುವುದು ಹೇಗೆಂದು ಆಸ್ಪತ್ರೆಯವರು ವಿವರಿಸುತ್ತಾರೆ. ಆದರೆ ಅವರ ಸೂಚನೆ ಶುರುವಾಗುವುದು ಆಸ್ಪತ್ರೆಯ ಬಾಗಿಲಿನಿಂದ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರಿನ ಕಡೆಯಿಂದ ಗಂಟೆಗಟ್ಟಲೆ ಪ್ರಯಾಣ ಮಾಡಿ ಹೋಗುವ ನಮಗೆ ಕೆಲಸ ಶುರುವಾಗುವುದು ಮನೆಯ ಜಗಲಿಯಿಂದ.

ನಿದ್ದೆ ಯಾಕೆ ಬೇಕು

ಎಂಆರ್‌ಐ ಯಂತ್ರದಲ್ಲಿ ಎಕ್ಸ್‌ರೇ ಇಲ್ಲ. ದೊಡ್ಡ ಅಯಸ್ಕಾಂತ ಮತ್ತು ರೇಡಿಯೋ ಅಲೆಗಳಿಂದ ಅದು ಚಿತ್ರ ತೆಗೆಯುತ್ತದೆ. ಮಗುವಿನ ಎಳೆಯ ಮಿದುಳಿಗೆ ವಿಕಿರಣ ತಗಲುವುದಿಲ್ಲ ಎನ್ನುವುದು ದೊಡ್ಡ ಅನುಕೂಲ. ಅನನುಕೂಲವೆಂದರೆ ಸಮಯ. ಒಂದೊಂದು ಚಿತ್ರದ ಸರಣಿಗೂ ಕೆಲವು ನಿಮಿಷ ಬೇಕು, ಎಲ್ಲ ಸೇರಿ 20ರಿಂದ 45 ನಿಮಿಷ ಆಗಬಹುದು. ಆ ಹೊತ್ತಿನಲ್ಲಿ ತಲೆ ಸ್ವಲ್ಪ ಹೊರಳಿದರೂ ಚಿತ್ರ ಮಸುಕಾಗುತ್ತದೆ. ಸದ್ದು ಬೇರೆ ಇದೆ: ಕೆಲವು ಸರಣಿಗಳಲ್ಲಿ 100 ಡೆಸಿಬೆಲ್ ಮೀರುತ್ತದೆ. ದೊಡ್ಡ ಮಕ್ಕಳಿಗೆ ‘ಅಲ್ಲಾಡಬೇಡ’ ಎನ್ನಬಹುದು, ಎರಡು ತಿಂಗಳ ಕೂಸಿಗೆ ಹೇಳುವುದು ಹೇಗೆ? ಹಾಗಾಗಿ ಒಂದೋ ಮದ್ದು ಕೊಟ್ಟು ಮಲಗಿಸಬೇಕು, ಇಲ್ಲವೇ ತಾನಾಗಿ ಬರುವ ನಿದ್ದೆಯನ್ನು ಹಿಡಿಯಬೇಕು.

ಹೊಟ್ಟೆ ತುಂಬ ಹಾಲು ಕುಡಿಸಿ, ಮೈ ಸುತ್ತಿ, ನಿದ್ದೆ ಬಂದಾಗ ಸ್ಕ್ಯಾನ್ ಮಾಡುವ ಈ ವಿಧಾನ ಮೂರು ತಿಂಗಳೊಳಗಿನ ಮಕ್ಕಳಿಗೆ ಚೆನ್ನಾಗಿ ಹೊಂದುತ್ತದೆ. ಕೆಲವು ಕಡೆ ಆರು ತಿಂಗಳವರೆಗೂ ಪ್ರಯತ್ನಿಸುತ್ತಾರೆ. ಆಮೇಲೆ ಮಗುವಿಗೆ ಹೊಸ ಜಾಗ, ಹೊಸ ಮುಖ ಗೊತ್ತಾಗತೊಡಗುತ್ತದೆ, ಕೈಕಾಲಿಗೆ ಬಲ ಬರುತ್ತದೆ, ಸುತ್ತಿದ ಬಟ್ಟೆಯಿಂದ ಬಿಡಿಸಿಕೊಳ್ಳುತ್ತದೆ.

ಅರಿವಳಿಕೆಯ ಬಗ್ಗೆ ಒಂದು ಮಾತು ನೇರವಾಗಿ ಹೇಳಬೇಕು. ‘ಅದನ್ನು ಕೊಟ್ಟರೆ ಮಗುವಿನ ಬುದ್ಧಿ ಹೋಗುತ್ತದೆ’ ಎಂದು ನಮ್ಮ ಮನೆಗೆ ಬಂದವರೊಬ್ಬರು ಹೇಳಿ ನನ್ನನ್ನು ರಾತ್ರಿಯಿಡೀ ಅಳಿಸಿದರು. ನಿಜ ಅಷ್ಟು ಭಯಂಕರವಾಗಿಲ್ಲ. 2016ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಕೊಟ್ಟದ್ದು 3 ವರ್ಷದೊಳಗಿನ ಮಕ್ಕಳಿಗೆ ಪದೇ ಪದೇ, ಅಥವಾ 3 ಗಂಟೆಗೂ ಹೆಚ್ಚು ಹೊತ್ತು ಕೊಡುವ ಅರಿವಳಿಕೆಯ ಬಗ್ಗೆ. ಶೈಶವದಲ್ಲಿ ಒಂದು ಗಂಟೆಗೂ ಕಡಿಮೆ ಹೊತ್ತು, ಒಂದೇ ಸಲ ಅರಿವಳಿಕೆ ಪಡೆದ ಮಕ್ಕಳನ್ನು 5 ವರ್ಷದವರೆಗೆ ಗಮನಿಸಿದ ಜಿಎಎಸ್ ಎಂಬ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಆ ಮಕ್ಕಳ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೂ ತೀರಾ ಎಳೆಯ ಮಕ್ಕಳಿಗೆ, ಅದರಲ್ಲೂ ತಿಂಗಳು ತುಂಬದೆ ಹುಟ್ಟಿದವರಿಗೆ, ಅರಿವಳಿಕೆಯ ನಂತರ ಉಸಿರು ನಡುನಡುವೆ ನಿಲ್ಲುವ ಅಪಾಯ ಇರುತ್ತದೆ, ಆಸ್ಪತ್ರೆಯಲ್ಲಿ ಉಳಿದು ನೋಡಿಕೊಳ್ಳಬೇಕಾಗುತ್ತದೆ. ಅದಿಲ್ಲದೆ ಕಳೆಯುವುದಾದರೆ ಒಳ್ಳೆಯದು. ಬೇಕೇ ಬೇಕು ಎಂದಾದರೆ ಹೆದರಿ ಸ್ಕ್ಯಾನನ್ನೇ ಬಿಡಬೇಡಿ.

ಮೊದಲು ಡಾಕ್ಟರಲ್ಲಿ ಕೇಳಬೇಕಾದ್ದು

ಎಂಆರ್‌ಐಯೇ ಬೇಕೇ ಎಂದು ಕೇಳಲು ಸಂಕೋಚ ಬೇಡ. ನೆತ್ತಿಯ ಮೆದು ಭಾಗ ಮುಚ್ಚಿರದ ಮಗುವಿಗೆ ಅದರ ಮೂಲಕವೇ ಅಲ್ಟ್ರಾಸೌಂಡ್ ಮಾಡಬಹುದು. ಅದಕ್ಕೆ ನಿದ್ದೆಯೂ ಬೇಡ, ಮದ್ದೂ ಬೇಡ. ತಲೆಗೆ ಪೆಟ್ಟು ಬಿದ್ದು ಅವಸರವಾಗಿ ನೋಡಬೇಕಾದಾಗ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಅದು ಕೆಲವೇ ಸೆಕೆಂಡಿನ ಕೆಲಸ, ಆದರೆ ವಿಕಿರಣ ಉಂಟು. ಮಿದುಳಿನ ನೀರು ತುಂಬಿದ ಕೋಣೆಗಳ ಗಾತ್ರ ಮಾತ್ರ ನೋಡಬೇಕಿದ್ದರೆ ಕೆಲವೇ ನಿಮಿಷದಲ್ಲಿ ಮುಗಿಯುವ ವೇಗದ ಎಂಆರ್‌ಐ ಇದೆ. ನಿಮ್ಮ ಮಗುವಿಗೆ ಯಾವುದು, ಯಾಕೆ ಎಂಬುದು ಗೊತ್ತಿದ್ದರೆ ಮುಂದಿನ ಓಡಾಟಕ್ಕೆ ಮನಸ್ಸು ಗಟ್ಟಿಯಾಗುತ್ತದೆ.

ನಮ್ಮ ಊರಿನಲ್ಲಿ ಈ ಮಾತಿಗೆ ಬೇರೆ ಭಾರವೂ ಇದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುವುದು ನಿಂತದ್ದು 2000ದ ಹೊತ್ತಿಗೆ. ಎಣ್ಮಕಜೆ, ಪಡ್ರೆಯ ಕಡೆಯ ಮಕ್ಕಳ ಊದಿದ ತಲೆಯ ಚಿತ್ರಗಳು ನಮ್ಮ ಹಿರಿಯರ ಕಣ್ಣಿನಿಂದ ಇನ್ನೂ ಹೋಗಿಲ್ಲ. ಮಗುವಿನ ತಲೆ ದೊಡ್ಡದು ಎಂದ ಕೂಡಲೇ ನನ್ನ ಅಮ್ಮ ಜಪಮಣಿ ಹಿಡಿದು ಕುಳಿತದ್ದು ಅದಕ್ಕೇ. ಈ ಹೆದರಿಕೆಯನ್ನು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿ. ತಲೆ ದೊಡ್ಡದಾಗಲು ಕಾರಣ ಹಲವು, ಕೆಲವಂತೂ ಏನೂ ತೊಂದರೆ ಕೊಡದೆ ತಾನಾಗಿ ಸರಿಹೋಗುವಂಥವು. ಯಾವುದೆಂದು ತಿಳಿಯುವುದಕ್ಕೇ ಈ ಸ್ಕ್ಯಾನ್.

ಎಲ್ಲ ಮಕ್ಕಳಿಗೂ ಈ ವಿಧಾನ ಆಗುವುದಿಲ್ಲ. ಉಸಿರಾಟಕ್ಕೆ ಯಂತ್ರದ ಸಹಾಯ ಇರುವ, ಕುಡಿದ ಹಾಲನ್ನೆಲ್ಲ ಕಕ್ಕುವ, ಫಿಟ್ಸ್ ಹತೋಟಿಗೆ ಬಾರದ ಮಗುವಿನ ವಿಷಯದಲ್ಲಿ ಡಾಕ್ಟರೇ ತೀರ್ಮಾನಿಸಬೇಕು. ತಲೆಯ ನೀರು ಇಳಿಸಲು ಶಂಟ್ ಎಂಬ ಕೊಳವೆ ಹಾಕಿದ ಮಗುವಾದರೆ ಶಂಟಿನ ಕಾಗದ ತಪ್ಪದೆ ಕೊಂಡುಹೋಗಿ. ಹೊರಗಿನಿಂದ ಹೊಂದಿಸುವ ಕವಾಟ ಇರುವ ಶಂಟಾದರೆ ಅಯಸ್ಕಾಂತದಿಂದ ಅದರ ಹೊಂದಾಣಿಕೆ ಬದಲಾಗಬಹುದು, ಸ್ಕ್ಯಾನಿನ ನಂತರ ಮತ್ತೆ ಪರೀಕ್ಷಿಸಬೇಕಾಗುತ್ತದೆ.

ಇನ್ನು ಅತಿ ಮುಖ್ಯವಾದ ಪ್ರಶ್ನೆ. ‘ಮಗು ಮಲಗದಿದ್ದರೆ ಅದೇ ದಿನ ಅರಿವಳಿಕೆ ಕೊಡುತ್ತೀರಾ?’ ಇದನ್ನು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ. ಯಾಕೆಂದರೆ ಈ ಎರಡು ದಾರಿಗಳ ತಯಾರಿ ಒಂದಕ್ಕೊಂದು ತೀರಾ ವಿರುದ್ಧ. ಅರಿವಳಿಕೆಗೆ ಹೊಟ್ಟೆ ಖಾಲಿ ಇರಬೇಕು: ತಾಯಿಹಾಲು ಕುಡಿದು 4 ಗಂಟೆ, ಡಬ್ಬದ ಹಾಲಾದರೆ 6 ಗಂಟೆ ಕಳೆದಿರಬೇಕು ಎನ್ನುವುದು ಸಾಮಾನ್ಯ ನಿಯಮ. ನಮ್ಮ ವಿಧಾನದಲ್ಲಿ ಸ್ಕ್ಯಾನಿಗೆ ಸ್ವಲ್ಪ ಮೊದಲು ಹೊಟ್ಟೆ ತುಂಬಿಸುತ್ತೇವೆ. ಹೊಟ್ಟೆ ತುಂಬಿದ ಮಗುವಿಗೆ ಅರಿವಳಿಕೆ ಕೊಟ್ಟರೆ ಹಾಲು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಹಾಗಾಗಿ ‘ಇವತ್ತು ನಿದ್ದೆಯಲ್ಲಿ ಮಾಡೋಣ, ಆಗದಿದ್ದರೆ ಇನ್ನೊಂದು ದಿನ’ ಎಂದು ಮೊದಲೇ ನಿಶ್ಚಯವಾಗಿರಲಿ. ಆಸ್ಪತ್ರೆಯಿಂದ ಫೋನಿನಲ್ಲಿ ‘ಮಗುವನ್ನು ಖಾಲಿ ಹೊಟ್ಟೆಯಲ್ಲಿ ತನ್ನಿ’ ಎಂದರೆ, ಅದು ಯಾವ ದಾರಿಗೆ ಎಂದು ಇನ್ನೊಮ್ಮೆ ಕೇಳಿ. ಒಪ್ಪಿಗೆ ಪತ್ರ ಇಂಗ್ಲಿಷ್‌ನಲ್ಲೋ ಮಲಯಾಳದಲ್ಲೋ ಇದ್ದು ಓದಲು ಬಾರದಿದ್ದರೆ ಕನ್ನಡದಲ್ಲೋ ತುಳುವಿನಲ್ಲೋ ಹೇಳಿಸಿಕೊಂಡ ನಂತರವೇ ಸಹಿ ಹಾಕಿ. ಯಾರನ್ನಾದರೂ ಕರೆಸಿ ಹೇಳಿಸಿ ಎನ್ನಲು ನಾಚಿಕೆ ಬೇಡ.

ಹಿಂದಿನ ದಿನ

ಎಣ್ಣೆ ಹಚ್ಚಿ ಮೀಯಿಸುವುದನ್ನು ಹಿಂದಿನ ದಿನ ಬೆಳಿಗ್ಗೆಯೇ ಮುಗಿಸಿ. ಇದಕ್ಕೆ ಎರಡು ಕಾರಣ. ಮಿಂದ ಮೇಲೆ ಬರುವ ನಿದ್ದೆ ಎಂಥದ್ದೆಂದು ಬಾಣಂತಿ ಮನೆಯವರಿಗೆ ಹೇಳಬೇಕಾಗಿಲ್ಲ, ಸ್ಕ್ಯಾನಿನ ದಿನ ಆ ನಿದ್ದೆ ಮನೆಯಲ್ಲೇ ಖರ್ಚಾಗಬಾರದು. ಇನ್ನೊಂದು, ಮಗುವಿನ ಕಿವಿಯ ಮೇಲೆ ಅಂಟಿಸುವ ಸದ್ದು ತಡೆಯುವ ಮೃದುವಾದ ಮುಚ್ಚಳ ಎಣ್ಣೆ ಇರುವ ಚರ್ಮಕ್ಕೆ ಹಿಡಿಯುವುದಿಲ್ಲ. ನನ್ನ ಅತ್ತೆ ಪ್ರೀತಿಯಿಂದ ನೆತ್ತಿಗೆ ಒತ್ತಿದ್ದ ತೆಂಗಿನೆಣ್ಣೆಯನ್ನು ಸಿಸ್ಟರ್ ಒರೆಸುತ್ತಾ ಕೂತದ್ದು ನನಗೆ ನೆನಪಿದೆ.

ಮೈಮೇಲಿನ ಲೋಹ ಒಂದೂ ಇರಬಾರದು. ಎಂಆರ್‌ಐ ಅಯಸ್ಕಾಂತ ಸ್ಕ್ಯಾನ್ ನಡೆಯದಾಗಲೂ ಚಾಲೂ ಇರುತ್ತದೆ. ಸಾಮಾನ್ಯವಾಗಿ ಇರುವ 1.5 ಟೆಸ್ಲಾದ ಯಂತ್ರದ ಬಲ ಭೂಮಿಯ ಅಯಸ್ಕಾಂತದ ಸುಮಾರು 30,000 ಪಟ್ಟು. ನಮ್ಮ ಮಕ್ಕಳ ಮೈಮೇಲೆ ಎಷ್ಟು ಲೋಹ ಇರುತ್ತದೆ ಎಂದು ಒಮ್ಮೆ ನೋಡಿ: ಉಡಿದಾರದ ಬೆಳ್ಳಿ ಮಣಿ, ತಾಯಿತ, ಕಾಲಿನ ಗೆಜ್ಜೆ, ಕೈಯ ಬಳೆ, ಬಟ್ಟೆಗೆ ಸಿಕ್ಕಿಸಿದ ಪಿನ್ನು, ಅಂಗಿಯ ಒತ್ತು ಗುಂಡಿ. ‘ನೂಲು ಬಿಚ್ಚಬಾರದು’ ಎಂದು ಮನೆಯಲ್ಲಿ ಹಿರಿಯರಿದ್ದರೆ ಹಿಂದಿನ ದಿನವೇ ಮಾತಾಡಿ ಒಪ್ಪಿಸಿ. ಯಂತ್ರದ ಬಾಗಿಲಲ್ಲಿ ನಿಂತು ಕತ್ತರಿ ಹುಡುಕುವ ಹೊತ್ತಿಗೆ ಮಲಗಿದ ಮಗು ಎದ್ದಿರುತ್ತದೆ. ನಾವು ದಾರವನ್ನು ಬಿಚ್ಚಿ ದೇವರ ಮುಂದೆ ಇಟ್ಟು ಹೋದೆವು, ಬಂದ ಮೇಲೆ ಅಮ್ಮನೇ ಕಟ್ಟಿದರು. ಕಾಡಿಗೆ, ದೃಷ್ಟಿಬೊಟ್ಟು ಕೂಡ ಆ ದಿನ ಬೇಡ. ಕೆಲವು ಕಾಡಿಗೆಯಲ್ಲಿ ಲೋಹದ ಅಂಶ ಇರುತ್ತದೆ, ಕಣ್ಣಿನ ಹತ್ತಿರ ಚಿತ್ರ ಕೆಡುತ್ತದೆ.

ಸುತ್ತಲು ಎರಡು ಹಳೆಯ ಹತ್ತಿ ಪಂಚೆ ತೊಳೆದು ಇಟ್ಟುಕೊಳ್ಳಿ. ಜರಿ ಅಂಚಿನದ್ದು ಬೇಡ, ಜರಿಯೂ ಲೋಹವೇ. ನಿಮ್ಮದೇ ಸೀರೆಯ ಮೆತ್ತನೆಯ ತುಂಡಾದರೆ ಇನ್ನೂ ಒಳ್ಳೆಯದು, ಮಗುವಿಗೆ ವಾಸನೆ ಗೊತ್ತು. ಬಾಟಲಿಯಲ್ಲಿ ಕುಡಿಯುವ ಮಗುವಾದರೆ ಮನೆಯ ಬಾಟಲಿಯೇ ಇರಲಿ.

ನಿದ್ದೆ ಬರಲೆಂದು ಮನೆಯಲ್ಲಿ ಏನನ್ನೂ ಕೊಡಬೇಡಿ. ಕೆಮ್ಮಿನ ಸಿರಪ್, ಶೀತದ ಮದ್ದು, ಹೆಚ್ಚಿಗೆ ತೇಯ್ದ ಬಜೆ, ಯಾರೋ ಹೇಳಿದ ಹನಿಮದ್ದು ಯಾವುದೂ ಬೇಡ. ಎಳೆಯ ಮಗುವಿನ ಉಸಿರನ್ನು ಇವು ಕುಗ್ಗಿಸಬಹುದು. ಈ ಮಾತನ್ನು ನಾನು ಎರಡೆರಡು ಸಲ ಹೇಳಲು ತಯಾರಿದ್ದೇನೆ.

ಹೊರಡುವ ದಿನ

ಎರಡನೇ ಸಲ ನಾವು ಬದಲಾಯಿಸಿದ್ದು ಮುಖ್ಯವಾಗಿ ಒಂದೇ: ಗಡಿಯಾರ. ಎರಡು ತಿಂಗಳ ಮಗು ಒಮ್ಮೆ ಎದ್ದರೆ ಒಂದು, ಒಂದೂವರೆ ಗಂಟೆಯಲ್ಲಿ ಮತ್ತೆ ದಣಿಯುತ್ತದೆ. ಕಾರಿನಲ್ಲಿ ಅದು ಮಲಗುವುದನ್ನು ತಡೆಯಲು ನಮ್ಮಿಂದಾಗುವುದಿಲ್ಲ. ಕುಲುಕಾಟ, ಎಂಜಿನ್ ಸದ್ದು, ತಾಯಿಯ ಮಡಿಲು ಸೇರಿದರೆ ಮಗು ಮಲಗಲೇಬೇಕು. ಹಾಗಾಗಿ ದಾರಿಯಲ್ಲಿ ಮಲಗಲಿ ಎಂದು ಬಿಟ್ಟೆವು, ಆದರೆ ಸ್ಕ್ಯಾನಿನ ಹೊತ್ತಿಗೆ ಎರಡು ಗಂಟೆ ಮೊದಲೇ ಆಸ್ಪತ್ರೆ ಮುಟ್ಟಿದೆವು. ಸ್ಕ್ಯಾನ್ 11 ಗಂಟೆಗೆ. ನಾವು ಮನೆ ಬಿಟ್ಟದ್ದು 7ಕ್ಕೆ, ಮುಟ್ಟಿದ್ದು ಒಂಬತ್ತರ ಒಳಗೆ. ಮುಟ್ಟಿದ ಕೂಡಲೇ ಎಬ್ಬಿಸಿದೆವು. ಡೈಪರ್ ಬಿಚ್ಚಿ, ಕಿಟಕಿ ಬೆಳಕಿನಲ್ಲಿ ಹಿಡಿದು, ಮಾತಾಡಿಸಿ, ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿ ಒಂದೂವರೆ ಗಂಟೆ ಎಚ್ಚರವಾಗಿಟ್ಟೆವು. ಇವರು ಮಗುವನ್ನು ಹೆಗಲಿಗೆ ಹಾಕಿಕೊಂಡು ಕಾರಿಡಾರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದದ್ದೇ ನಡೆದದ್ದು.

ಬೆಳಗಿನ ಹಾಲನ್ನೂ ಹಾಗೆಯೇ ಲೆಕ್ಕ ಹಾಕಿ. ಸ್ಕ್ಯಾನಿಗೆ ಮೊದಲಿನ ದೊಡ್ಡ ಹಾಲೂಟದ ಹೊತ್ತಿಗೆ ಮಗುವಿಗೆ ನಿಜವಾಗಿ ಹಸಿವಾಗಿರಬೇಕು. ಅದಕ್ಕೆ ಅದರ ಹಿಂದಿನ ಹಾಲಿಗೂ ಇದಕ್ಕೂ 3 ಗಂಟೆಯಷ್ಟು ಅಂತರ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಮಗುವನ್ನು ಹಸಿವಿನಲ್ಲಿ ಇಡಬೇಡಿ. ತೂಕ ಕಡಿಮೆಯ, ಕಾಮಾಲೆ ಇರುವ, ರಕ್ತದಲ್ಲಿ ಸಕ್ಕರೆ ಇಳಿಯುವ ಮಗುವಾದರೆ ಈ ಅಂತರವನ್ನು ಡಾಕ್ಟರೇ ಹೇಳಬೇಕು. ಹಸಿದು ಅಳುವ ಮಗುವನ್ನು ನೋಡುವುದು ಸಂಕಟ. ಒಂದು ಹನಿ ಕೊಟ್ಟು ಸಮಾಧಾನ ಮಾಡಬೇಕೆನಿಸುತ್ತದೆ. ಅರ್ಧ ಹೊಟ್ಟೆ ಹಾಲು ಕುಡಿದ ಮಗು ಅರ್ಧ ನಿದ್ದೆಯನ್ನೇ ಮಾಡುತ್ತದೆ ಎಂದು ನೆನಪಿಡಿ.

ಚಿತ್ರಕ್ಕೆ ಬಣ್ಣದ ಮದ್ದು ಚುಚ್ಚಬೇಕಿದ್ದರೆ ಕೈಗೆ ಸೂಜಿ ಹಾಕುವುದನ್ನು ಬಂದ ಕೂಡಲೇ ಮಾಡಿಸಿ. ಅತ್ತು ಸುಸ್ತಾಗಿ ಆಮೇಲೆ ಹಾಲು ಕುಡಿದರೆ ನಿದ್ದೆಗೆ ಅದೂ ಸಹಾಯವೇ. ಮಲಗಿದ ಮೇಲೆ ಚುಚ್ಚಿದರೆ ಎಲ್ಲವೂ ಮೊದಲಿನಿಂದ.

ಸುತ್ತುವುದು, ಕುಡಿಸುವುದು, ಕಾಯುವುದು

ಸುಮಾರು 45 ನಿಮಿಷ ಮೊದಲು ಡೈಪರ್ ಬದಲಾಯಿಸಿ. ಒದ್ದೆ ಆದರೆ ನಡುವೆ ಏಳುತ್ತದೆ. ಸಿಸ್ಟರ್ ಕಿವಿಗೆ ಮೊದಲು ಮೆದು ಬಿರಡೆ, ಅದರ ಮೇಲೆ ಅಂಟು ಮುಚ್ಚಳ ಹಾಕುತ್ತಾರೆ. ಇದನ್ನು ಎಚ್ಚರದಲ್ಲೇ ಹಾಕಿಸುವುದು ಲೇಸು. ಆಮೇಲೆ ಸುತ್ತಿ. ಕೈಗಳು ಮೈಗೆ ತಾಗಿ ನೇರವಾಗಿರಲಿ. ಎಳೆಯ ಮಕ್ಕಳು ನಿದ್ದೆಯಲ್ಲಿ ಬೆಚ್ಚಿ ಎರಡೂ ಕೈ ಎತ್ತುತ್ತವಲ್ಲ, ಆ ಬೆಚ್ಚುವಿಕೆಯೇ ಅವುಗಳನ್ನು ಎಬ್ಬಿಸುವುದು. ಕೈ ಬಿಗಿಯಾಗಿದ್ದರೆ ಬೆಚ್ಚಿದರೂ ಏಳುವುದಿಲ್ಲ. ಸೊಂಟದ ಕೆಳಗೆ ಮಾತ್ರ ಸಡಿಲ ಇರಲಿ, ಮಗು ಕಾಲನ್ನು ಕಪ್ಪೆಯ ಹಾಗೆ ಮಡಚಲು ಜಾಗ ಬೇಕು. ಕಾಲು ನೇರ ಎಳೆದು ಬಿಗಿದರೆ ಸೊಂಟದ ಕೀಲಿಗೆ ಒಳ್ಳೆಯದಲ್ಲ. ಎದೆಯ ಮೇಲೆ ನಿಮ್ಮ ಎರಡು ಬೆರಳು ತೂರುವಷ್ಟು ಸಡಿಲವಿರಲಿ, ಮುಖ ಪೂರ್ತಿ ತೆರೆದಿರಲಿ.

ಸುತ್ತಿದ ಮೇಲೆ, ಸ್ಕ್ಯಾನಿಗೆ 30 ನಿಮಿಷ ಇರುವಾಗ ಮೊಲೆ ಕೊಡಿ. ದೀಪ ಕಡಿಮೆ ಮಾಡಿಸಿ, ಮೊಬೈಲು ದೂರ ಇಡಿ, ಸುತ್ತ ಜನ ಬೇಡ. ಎರಡೂ ಕಡೆ ಕುಡಿಸಿ. ತೇಗು ಬರಿಸದೆ ಮಲಗಿಸಬೇಡಿ: ಅಂಗಾತ ಮಲಗಿದ ಮಗು ಹಾಲು ಕಕ್ಕಬಾರದು.

ಈಗ ಬರುವುದು ಯಾರೂ ನಮಗೆ ಮೊದಲ ಸಲ ಸರಿಯಾಗಿ ಹೇಳದೇ ಹೋದ ಸಂಗತಿ. ಮಗುವಿನ ಕಣ್ಣು ಮುಚ್ಚಿದ ಕೂಡಲೇ ಯಂತ್ರದ ಮೇಲೆ ಇಡಬೇಡಿ. ಹಸುಗೂಸು ನಿದ್ದೆಗೆ ಇಳಿಯುವುದೇ ತೆಳು ನಿದ್ದೆಯಿಂದ. ರೆಪ್ಪೆ ಅದುರುತ್ತದೆ, ತುಟಿ ಚಪ್ಪರಿಸುತ್ತದೆ, ಸುಮ್ಮನೆ ನಗುತ್ತದೆ. ದೇವರು ಆಡಿಸುತ್ತಾರೆ ಎಂದು ನಮ್ಮಲ್ಲಿ ಹೇಳುವುದು ಈ ನಿದ್ದೆಗೇ. ಈ ಹೊತ್ತಿನಲ್ಲಿ ಕೆಳಗಿಟ್ಟರೆ ಎದ್ದುಬಿಡುತ್ತದೆ. 15–20 ನಿಮಿಷ ಕಳೆದರೆ ಉಸಿರು ಒಂದೇ ಹದಕ್ಕೆ ಬರುತ್ತದೆ, ಮುಖ ಸ್ತಬ್ಧವಾಗುತ್ತದೆ. ಕೆನ್ನೆಯನ್ನೋ ಬಟ್ಟೆಯ ಮೇಲಿಂದ ಪಾದವನ್ನೋ ಮೆಲ್ಲಗೆ ಮುಟ್ಟಿ ನೋಡಿ, ಏನೂ ಅಲುಗಾಟ ಇಲ್ಲದಿದ್ದರೆ ನಿದ್ದೆ ಆಳಕ್ಕೆ ಹೋಗಿದೆ. ಮನೆಯಲ್ಲಿ ನಾಲ್ಕು ದಿನ ಗಮನಿಸಿದರೆ ನಿಮ್ಮ ಮಗುವಿನ ಲೆಕ್ಕ ನಿಮಗೇ ತಿಳಿಯುತ್ತದೆ. ‘ಬೇಗ ಬೇಗ’ ಎಂದು ಹೊರಗಿನಿಂದ ಯಾರಾದರೂ ಅವಸರ ಮಾಡಿದರೆ, ಇನ್ನು ಹತ್ತು ನಿಮಿಷ ಕೊಡಿ ಎಂದು ಗಟ್ಟಿಯಾಗಿ ಕೇಳಿ.

ಯಂತ್ರದ ಕೋಣೆಯಲ್ಲಿ

ಸಾಮಾನ್ಯವಾಗಿ ಒಬ್ಬರನ್ನು ಒಳಗೆ ಬಿಡುತ್ತಾರೆ. ಕರಿಮಣಿ, ಕಾಲುಂಗುರ, ಹೇರ್‌ಪಿನ್, ಲೋಹದ ಕೊಂಡಿ ಇರುವ ಒಳಉಡುಪು, ವಾಚು, ಫೋನು, ಎಟಿಎಂ ಕಾರ್ಡು ಎಲ್ಲ ಹೊರಗೆ. ಸಿಸೇರಿಯನ್ ಆಗಿದ್ದರೆ, ಮೈಯಲ್ಲಿ ಕ್ಲಿಪ್ಪೋ ಪ್ಲೇಟೋ ಇದ್ದರೆ, ಕಾಪರ್‌ಟಿ ಹಾಕಿಸಿದ್ದರೆ ಮೊದಲೇ ತಿಳಿಸಿ. ಹೆಚ್ಚಿನವು ತೊಂದರೆ ಕೊಡುವುದಿಲ್ಲ, ಆದರೆ ಅವರಿಗೆ ಗೊತ್ತಿರಬೇಕು. ನಿಮ್ಮ ಕಿವಿಗೂ ಬಿರಡೆ ಕೇಳಿ.

ಕೆಲವು ಆಸ್ಪತ್ರೆಗಳಲ್ಲಿ ಮಣಿ ತುಂಬಿದ ಹಾಸಿಗೆಯಲ್ಲಿ ಮಗುವನ್ನು ಇಟ್ಟು ಗಾಳಿ ಹೀರುತ್ತಾರೆ. ಅದು ಗೂಡಿನ ಹಾಗೆ ಮೈಸುತ್ತ ಗಟ್ಟಿಯಾಗುತ್ತದೆ. ಅದಿಲ್ಲದ ಕಡೆ ತಲೆಯ ಎರಡೂ ಬದಿಗೆ ಸ್ಪಂಜು ಇಡುತ್ತಾರೆ. ಕಾಲಿಗೆ ಆಮ್ಲಜನಕ ನೋಡುವ ತಂತಿ ಕಟ್ಟುತ್ತಾರೆ, ಇದು ಇರಲೇಬೇಕು. ಇಲ್ಲದಿದ್ದರೆ ಕೇಳಿ. ಕೋಣೆ ತಂಪಾಗಿರುತ್ತದೆ, ಇನ್ನೊಂದು ಪಂಚೆ ಹೊದೆಸಿ.

ಸದ್ದು ಶುರುವಾಗುವಾಗ ನನ್ನ ಎದೆ ಡವಗುಟ್ಟಿತು. ಮಗು ಒಮ್ಮೆ ಹುಬ್ಬು ಗಂಟಿಕ್ಕಿತು, ಅಷ್ಟೇ. ಒಂದೇ ಲಯದ ಸದ್ದು ಮಕ್ಕಳನ್ನು ಎಬ್ಬಿಸುವುದಕ್ಕಿಂತ ಸದ್ದು ನಿಂತು ಮತ್ತೆ ಶುರುವಾಗುವುದು ಎಬ್ಬಿಸುತ್ತದೆ ಎಂದು ನನಗೆ ಅನಿಸಿತು. ಅತ್ಯಗತ್ಯವಾದ ಚಿತ್ರಗಳನ್ನು ಮೊದಲು ತೆಗೆಯಿರಿ ಎಂದು ಕೇಳಿಕೊಳ್ಳಬಹುದು, ಅನುಭವಸ್ಥ ಟೆಕ್ನಿಷಿಯನ್‌ಗಳು ಕೇಳದೆಯೂ ಹಾಗೇ ಮಾಡುತ್ತಾರೆ. ಆಗ ನಡುವೆ ಎದ್ದರೂ ಬೇಕಾದದ್ದು ಕೈಯಲ್ಲಿರುತ್ತದೆ. ಮಗು ಮಿಸುಕಿದರೆ ಕೂಡಲೇ ಎತ್ತಬೇಡಿ. ಎದೆಯ ಮೇಲೆ ಕೈಯಿಟ್ಟು ಒಂದು ನಿಮಿಷ ಕಾಯಿರಿ. ನಮ್ಮದು ಒಮ್ಮೆ ನಿಂತು, ಮತ್ತೆ ಶುರುವಾಗಿ, 25 ನಿಮಿಷದಲ್ಲಿ ಮುಗಿಯಿತು.

ಮುಗಿಯದೆ ಹೋದರೆ ಅದು ನಿಮ್ಮ ತಪ್ಪಲ್ಲ, ಮಗುವಿನದ್ದಂತೂ ಅಲ್ಲ. ಅವಸರದ ಸ್ಕ್ಯಾನ್ ಅಲ್ಲದಿದ್ದರೆ ಇನ್ನೊಂದು ದಿನ ಇನ್ನೊಂದು ಅವಕಾಶ ಕೇಳಿ. ನಾವು ಕೇಳಿದ್ದರಿಂದ ಸಿಕ್ಕಿತು. ಡಾಕ್ಟರು ತಡಮಾಡಬಾರದು ಎಂದರೆ ಮಾತ್ರ ಅರಿವಳಿಕೆಗೆ ಒಪ್ಪಿ, ಮಕ್ಕಳ ಅರಿವಳಿಕೆಯಲ್ಲಿ ಪಳಗಿದವರು ಇರುವ ಕಡೆ ಮಾಡಿಸಿ.

ಬಂದ ಮೇಲೆ

ಮದ್ದು ಕೊಟ್ಟಿಲ್ಲವಾದ್ದರಿಂದ ಕಾಯಬೇಕಾಗಿಲ್ಲ, ಎದ್ದ ಕೂಡಲೇ ಹಾಲು ಕೊಟ್ಟು ಹೊರಡಬಹುದು. ವರದಿಯ ಕಾಗದ ಮಾತ್ರವಲ್ಲ, ಚಿತ್ರಗಳಿರುವ ಸಿಡಿಯನ್ನೂ ಕೇಳಿ ಪಡೆಯಿರಿ. ಗಡಿಯ ಈಚೆ ಒಬ್ಬ ಡಾಕ್ಟರು, ಆಚೆ ಒಬ್ಬರು ಎಂದು ಓಡಾಡುವ ನಮಗೆ ಅದು ಬೇಕೇ ಬೇಕು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಇಲ್ಲಿನ ರೋಗಿಗಳು ಪಟ್ಟ ಪಾಡು ಗೊತ್ತಿದ್ದವರು, ಹಳೆಯ ದಾಖಲೆಯ ಒಂದು ಪ್ರತಿಯನ್ನು ಯಾವಾಗಲೂ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ.

ನಮ್ಮ ವರದಿಯಲ್ಲಿ ಮಿದುಳಿನ ಹೊರಗಿನ ನೀರು ಸ್ವಲ್ಪ ಹೆಚ್ಚಿದೆ, ಮಿದುಳು ಸರಿಯಾಗಿದೆ ಎಂದಿತ್ತು. ಡಾಕ್ಟರು ಟೇಪು ತೆಗೆದು ಮಗುವಿನ ತಲೆಯಲ್ಲ, ಇವರ ತಲೆಯನ್ನು ಅಳೆದರು. ಇಂಥ ಮಕ್ಕಳಲ್ಲಿ ಅಪ್ಪನದೋ ಅಮ್ಮನದೋ ತಲೆಯೂ ದೊಡ್ಡದಿರುವುದು ಹೆಚ್ಚು, ಸಾಮಾನ್ಯವಾಗಿ ಎರಡು ವರ್ಷದೊಳಗೆ ಅದು ತಾನಾಗಿ ಸರಿಯಾಗುತ್ತದೆ ಎಂದು ವಿವರಿಸಿದರು. ತಿಂಗಳಿಗೊಮ್ಮೆ ಸುತ್ತಳತೆ ಬರೆದಿಡಲು ಹೇಳಿದರು. ಆ ಪುಸ್ತಕದ ಮೊದಲ ಪುಟದಲ್ಲಿ ಇವರ ತಲೆಯ ಅಳತೆಯೂ ಇದೆ, 59 ಸೆಂಟಿಮೀಟರ್.